ಚಂದ್ರನ ಪಟ ಹಿಡಿದವರು

ನಾನೇ ಪಟ ಹಿಡಿಯುತ್ತೇನೆ ಎಂದು ಈಗಲೇ ಹೇಳಿಬಿಡುವುದೋ, ಯಾರಾದರೂ ಕೇಳುವವರೆಗೆ ಕಾಯುವುದೋ? ಕೇಳುವ ಮೊದಲೇ ಹೇಳಿದರೆ ಎಲ್ಲರ ಮುಖದಲ್ಲೂ ಒಂದು ನಿರಾಳ ಕಾಣಿಸುತ್ತದೆ. ಅದನ್ನು ಒಮ್ಮೆ ನೋಡಿದ ಮೇಲೆ ಮರೆಯುವುದು ಕಷ್ಟ. ಕೇಳಲಿ ಎಂದು ಕಾದರೆ ಯಾರೂ ಕೇಳುವುದಿಲ್ಲ. ಕಳೆದ ಸಲವೂ ಯಾರೂ ಯಾರನ್ನೂ ಕೇಳಿರಲಿಲ್ಲವಂತೆ. ಹಿತ್ತಲಲ್ಲಿ ನೀರಿನ ಹಂಡೆಯ ಕೆಳಗೆ ಮರದ ಚಕ್ಕೆ ತೂರಿಸುತ್ತಾ ನಾನು ಇದನ್ನೇ ಯೋಚಿಸುತ್ತಿದ್ದೆ. ಹಂಡೆಯ ನೀರು ಬೀದಿಯ ಕಡೆಗೆ ಎರಡು ಬೆರಳಷ್ಟು ಏರಿ ನಿಂತಿತ್ತು. ಒಂದು ವಾರದಿಂದ ನಮ್ಮ ಮನೆಯ ನೀರೆಲ್ಲ ಹೀಗೆ ವಾಲಿಕೊಂಡಿತ್ತು. ಅಮ್ಮ ಸಾರಿನ ಪಾತ್ರೆಯನ್ನು ಅರ್ಧಕ್ಕಿಂತ ಹೆಚ್ಚು ತುಂಬಿಸುತ್ತಿರಲಿಲ್ಲ. ಚಿಕ್ಕಪ್ಪ ಲೋಟವನ್ನು ಓರೆಯಾಗಿ ಹಿಡಿದು ಕಾಫಿ ಕುಡಿಯುವುದನ್ನು ಎರಡೇ ದಿನದಲ್ಲಿ ಕಲಿತುಬಿಟ್ಟಿದ್ದ.

ನಮ್ಮ ಊರಲ್ಲಿ ಯಾರ ಮನೆಯ ನೀರು ವಾಲುತ್ತದೋ ಆ ತಿಂಗಳ ಹುಣ್ಣಿಮೆ ಚಂದ್ರ ಅವರ ಮನೆಯ ಮಗ್ಗುಲಲ್ಲೇ ಹುಟ್ಟುತ್ತಾನೆ. ಕೆಲವರಿಗೆ ಕೊಟ್ಟಿಗೆಯ ಹಿಂದಿನಿಂದ, ಕೆಲವರಿಗೆ ಬಾವಿಯ ಕಡೆಯಿಂದ, ನಮಗೆ ಬೀದಿಯ ಕಡೆಯಿಂದ. ಅವತ್ತು ಅಕ್ಕಪಕ್ಕದವರು ಬಟ್ಟೆ ಒಣಹಾಕುವ ತಂತಿ ಬಿಚ್ಚಿಡುತ್ತಾರೆ, ಟಿವಿಯ ಕಂಬ ಇಳಿಸುತ್ತಾರೆ, ನಾಯಿಗಳನ್ನು ಆಚೆ ಬೀದಿಯಲ್ಲಿ ಕಟ್ಟಿ ಬರುತ್ತಾರೆ. ಉಳಿದ ಊರಿಗೆ ಚಂದ್ರ ಕಾಣುವುದು ಅವನು ಆ ಮನೆಯ ಹೆಂಚು ದಾಟಿ ಮೇಲೆ ಹೋದ ನಂತರ. ಬೇರೆ ಊರುಗಳಲ್ಲಿ ಅವನು ಎಲ್ಲೋ ದೂರದಲ್ಲಿ, ಬಯಲಿನ ಅಂಚಿನಲ್ಲಿ ಹುಟ್ಟುತ್ತಾನೆಂದು ನನಗೆ ತಿಳಿದದ್ದು ಕಾಲೇಜಿಗೆ ಹೋದ ಮೇಲೆ. ಹಾಸ್ಟೆಲಿನ ಮಹಡಿಯಿಂದ ಮೊದಲ ಸಲ ಅದನ್ನು ನೋಡಿದಾಗ ನನಗೆ ಅಯ್ಯೋ ಅನ್ನಿಸಿತ್ತು. ಯಾರ ಮನೆಗೂ ಸೇರದ ಚಂದ್ರನಂತೆ ಕಂಡಿದ್ದ.

ಚಂದ್ರ ಬಂದ ಮನೆಯವರು ಅವನ ಮುಂದೆ ನಿಂತು ಒಂದು ಪಟ ತೆಗೆದುಕೊಳ್ಳಬೇಕು. ಆ ಪಟದಲ್ಲಿ ಇರುವವರು ಮನೆಯವರು. ಇಲ್ಲದವರು, ಚಂದ್ರ ಮತ್ತೆ ಆ ಮನೆಗೆ ಬರುವವರೆಗೆ, ನೆಂಟರು. ಒಂಬತ್ತೇ ವರ್ಷಕ್ಕೆ ಅವನು ಮರಳಿದ ಮನೆಗಳಿವೆ, ನಲವತ್ತು ವರ್ಷ ಕಾದ ಮನೆಗಳೂ ಇವೆ. ಪಟ ಹಿಡಿಯುವುದು ಆ ಸೂರಿನಡಿ ಮಲಗಿ ಏಳುವವರ ಕೈಯೇ ಆಗಬೇಕು. ಹೊರಗಿನವರು ಹಿಡಿದರೆ ಸುಣ್ಣದ ನೀರು ಚೆಲ್ಲಿದಂತೆ ಬರಿಯ ಬಿಳುಪು ಬರುತ್ತದೆ. ಊರಿಗೆ ಇರುವುದು ಒಂದೇ ಕ್ಯಾಮೆರಾ, ಪಟ ಮೂಡುವ ಗಾಜಿನ ಪ್ಲೇಟು ತಿಂಗಳಿಗೆ ಒಂದೇ. ಹಾಗಾಗಿ ಪ್ರತಿ ಮನೆಯಲ್ಲೂ ಪಟದ ಈಚೆಗೆ ಒಬ್ಬರು ಉಳಿದುಬಿಡುತ್ತಾರೆ. ನಮ್ಮ ಮನೆಯಲ್ಲಿ ಹಾಗೆ ಉಳಿದವರು ಅಪ್ಪ.

ಆಗ ನನಗೆ ಒಂದೂವರೆ ವರ್ಷ. ಪಟದಲ್ಲಿ ಈಗ ತೀರಿಕೊಂಡಿರುವ ಅಜ್ಜಿ ಇದ್ದಾಳೆ, ಹದಿನಾರು ವರ್ಷದ ಚಿಕ್ಕಪ್ಪ ಇದ್ದಾನೆ, ಅಮ್ಮನ ಸೊಂಟದ ಮೇಲೆ ಬಾಯಿ ಅಗಲ ತೆರೆದು ಅಳುತ್ತಿರುವ ನಾನಿದ್ದೇನೆ. ಅಪ್ಪನೇ ಯಾಕೆ ಹಿಡಿದರು ಎಂದು ಒಮ್ಮೆ ಅಮ್ಮನನ್ನು ಕೇಳಿದ್ದೆ. ‘ಎಲ್ಲರೂ ಒಬ್ಬರ ಮುಖ ಒಬ್ಬರು ನೋಡ್ಕೊಂಡು ನಿಂತಿದ್ವಿ. ಅವರಿಗೆ ಹಂಗೆ ಜಾಸ್ತಿ ಹೊತ್ತು ನಿಲ್ಲಕ್ಕಾಗಲ್ಲ. ಹೋಗಿ ಕ್ಯಾಮೆರಾ ಮುಟ್ಟಿಬಿಟ್ರು’ ಎಂದಿದ್ದಳು.

ಅವತ್ತಿನಿಂದ ಇಪ್ಪತ್ತೊಂದು ವರ್ಷ ಅಪ್ಪ ನಮ್ಮ ಮನೆಯ ನೆಂಟರು. ಅವರದು ಬೋರ್ಡು ಬರೆಯುವ ಕೆಲಸ. ಊರಿನ ಅರ್ಧ ಅಂಗಡಿಗಳ ಹೆಸರು, ಎಷ್ಟೋ ಮನೆಗಳ ಹೆಸರು ಬೋರ್ಡು ಮುದ್ದಯ್ಯನ ಕೈಬರಹದಲ್ಲೇ ಇವೆ. ಸಂಜೆ ಕೆಲಸ ಮುಗಿಸಿ ಬಂದವರು ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದರು. ಒಳಗಿನಿಂದ ಯಾರಾದರೂ ‘ಬನ್ನಿ’ ಎನ್ನಬೇಕು. ಆಮೇಲೆ ಹೊರಕೋಣೆಯ ಚಾಪೆ, ಒಂದು ಲೋಟ ನೀರು, ಒಂದು ಚೂರು ಬೆಲ್ಲ. ಊಟ ಎಲ್ಲರಿಗಿಂತ ಮೊದಲು ಅವರಿಗೆ, ಒಬ್ಬರಿಗೇ, ಮನೆಯ ಒಳ್ಳೆಯ ತಟ್ಟೆಯಲ್ಲಿ. ಅಡುಗೆಮನೆಗೆ ಅವರು ಕಾಲಿಡುತ್ತಿರಲಿಲ್ಲ. ಕಪಾಟು ತೆರೆಯುತ್ತಿರಲಿಲ್ಲ. ಯಾವ ವಿಷಯಕ್ಕೂ ಹೀಗೆ ಮಾಡಿ ಎನ್ನುತ್ತಿರಲಿಲ್ಲ. ನನಗೆ ಜ್ವರ ಬಂದಾಗ ಕೋಣೆಯ ಬಾಗಿಲಿಗೆ ಬಂದು, ‘ಈಗ ಹೇಗಿದ್ದಾನೆ?’ ಎಂದು ಪಕ್ಕದ ಮನೆಯವರ ಹಾಗೆ ಕೇಳಿ ಹೋಗುತ್ತಿದ್ದರು. ಗಣಿತದಲ್ಲಿ ನಾನು ಫೇಲಾದಾಗ ಚಿಕ್ಕಪ್ಪ ಬೆಲ್ಟು ತೆಗೆದರೆ, ಅಪ್ಪ ಹೊರಕೋಣೆಯಿಂದಲೇ, ‘ಇರಲಿ ಬಿಡಿ, ಮುಂದಿನ ಸಲ ಆಗುತ್ತೆ’ ಎಂದಿದ್ದರು. ಅಷ್ಟು ಹೇಳಲು ನೆಂಟರಿಗೆ ಅವಕಾಶವಿದೆ. ಚಿಕ್ಕವನಿದ್ದಾಗ ನಾನು ಅವರ ಚಾಪೆಯ ತುದಿಯಲ್ಲಿ ಹೋಗಿ ಕೂರುತ್ತಿದ್ದೆ. ಸ್ವಲ್ಪ ಹೊತ್ತಿಗೇ ಅಮ್ಮ ಒಳಗಿನಿಂದ ಕೂಗುತ್ತಿದ್ದಳು: ‘ದೊರೆ, ನೆಂಟರಿಗೆ ತೊಂದರೆ ಕೊಡಬಾರದು, ಬಾ ಈ ಕಡೆ.’ ಅವಳ ದನಿಯಲ್ಲಿ ಕೋಪ ಇರುತ್ತಿರಲಿಲ್ಲ. ರೂಢಿ ಇರುತ್ತಿತ್ತು.

ಚಿಕ್ಕಪ್ಪನ ಮದುವೆ ಗೊತ್ತಾದಾಗ ಲಗ್ನಪತ್ರಿಕೆಯ ಮೇಲೆ ‘ಶ್ರೀ ಮುದ್ದಯ್ಯನವರಿಗೆ’ ಎಂದು ಬರೆದು, ಎಲೆ ಅಡಿಕೆಯ ಜೊತೆ ತಟ್ಟೆಯಲ್ಲಿಟ್ಟು ಹೊರಕೋಣೆಗೆ ತಂದುಕೊಟ್ಟರು. ಅಪ್ಪ ಎದ್ದು ನಿಂತು ಎರಡು ಕೈಯಲ್ಲೂ ತೆಗೆದುಕೊಂಡು, ‘ಖಂಡಿತ ಬರ್ತೀನಿ’ ಎಂದರು. ಆ ಪತ್ರಿಕೆಯ ಅಕ್ಷರಗಳನ್ನು ಬರೆದುಕೊಟ್ಟವರೂ ಅವರೇ. ಹಾಗೆ ಮದುವೆಯಾಗಿ ಬಂದ ಚಿಕ್ಕಮ್ಮ ಜಯಶೀಲ ನಮ್ಮ ಮನೆಯ ಎರಡನೆಯ ನೆಂಟಳಾದಳು. ಒಂಬತ್ತು ವರ್ಷದಿಂದ ಅವಳು ಒಂದು ಲೋಟ ತೊಳೆದಿಲ್ಲ. ಮೊದಮೊದಲು ಅದು ಅವಳಿಗೆ ಸುಖವೆನಿಸಿತ್ತು. ಆಮೇಲಾಮೇಲೆ ಅಮ್ಮ ಅಡುಗೆಮನೆಯಲ್ಲಿ ಒಬ್ಬಳೇ ಗೊಣಗುವಾಗ ಹೊಸ್ತಿಲಾಚೆ ಸ್ಟೂಲು ಹಾಕಿಕೊಂಡು ಕೂತು ಕೇಳಿಸಿಕೊಳ್ಳುತ್ತಿದ್ದಳು, ಬಿಸಿಲು ಕಾಯಿಸಿಕೊಳ್ಳುವವರ ಹಾಗೆ.

ಹುಣ್ಣಿಮೆಗೆ ನಾಲ್ಕು ದಿನ ಇದ್ದಾಗ ಅಡುಗೆಮನೆಯಲ್ಲಿ ಆ ಮಾತು ಬಂತು. ಅಪ್ಪ ಹೊರಕೋಣೆಯಲ್ಲಿ ಊಟ ಮುಗಿಸಿ ಅಡಿಕೆ ಅಗಿಯುತ್ತಿದ್ದರು. ಸದ್ದು ನಮಗೆ ಕೇಳುತ್ತಿತ್ತು. ಅಮ್ಮ ಒಲೆಯ ಮುಂದಿದ್ದಳು. ‘ಈ ಸಲ ಜಯಶೀಲ ಪಟದೊಳಕ್ಕೆ ಬರಲಿ,’ ಎಂದಳು. ‘ಒಂಬತ್ತು ವರ್ಷದಿಂದ ಈ ಮಹಾರಾಣಿ ಕೈಗೆ ಕಾಫಿ ಕೊಟ್ಟು ಕೊಟ್ಟು ಸಾಕಾಗಿದೆ. ಪಾತ್ರೆ ರಾಶಿ ಅಂದ್ರೆ ಹೆಂಗಿರುತ್ತೆ ತೋರಿಸ್ತೀನಿ.’

ಹೊಸ್ತಿಲಾಚೆಯಿಂದ ಚಿಕ್ಕಮ್ಮ ಹೇಳಿದಳು: ‘ತೋರ್ಸಿ ಅಕ್ಕ. ನನ್ನನ್ನ ಯಾರಾದ್ರೂ ಬೈದು ಎಷ್ಟು ವರ್ಷ ಆಯ್ತು ಗೊತ್ತಾ ನಿಮಗೆ? ತವರಿಗೆ ಹೋಗಿ ಬೈಸ್ಕೊಂಡು ಬರಬೇಕಾಗಿದೆ.’

‘ಆಗ್ಲಿ, ಅವಳು ಬರ್ತಾಳೆ,’ ಎಂದ ಚಿಕ್ಕಪ್ಪ. ‘ಈಗ ಹಿಡಿಯೋರು ಯಾರು ಅನ್ನೋದು ಮಾತು. ಅಣ್ಣಂಗೆ ಕೈ ಪಳಗಿದೆ ಅತ್ತಿಗೆ. ಹೋದ ಸಲದ ಪಟ ನೋಡಿ, ನಮ್ಮವ್ವನ ಮೂಗುಬೊಟ್ಟು ಕೂಡ ಎಷ್ಟು ನಿಚ್ಚಳವಾಗಿ ಬಂದಿದೆ.’

‘ಅವರಿಗೆ ಅರವತ್ತೊಂದಾಯ್ತು ನಿಂಗರಾಜು.’

‘ಅದಕ್ಕೇ ಹೇಳಿದ್ದು. ಈ ವಯಸ್ಸಲ್ಲಿ ಹೊಸದಾಗಿ ಒಳಗೆ ಬಂದು ಏನ್ ಮಾಡ್ತಾರೆ? ಒಂದು ಕೆಲಸ ಹೇಳಿಲ್ಲ, ಒಂದು ಮಾತು ಅಂದಿಲ್ಲ, ರಾಜನ ಥರ ನೋಡ್ಕೊಂಡಿದೀವಿ.’

‘ರಾಜನ ಥರ,’ ಎಂದಳು ಅಮ್ಮ. ಅಷ್ಟೇ ಹೇಳಿ ಒಲೆಯ ಉರಿ ಕಡಿಮೆ ಮಾಡಿದಳು. ಚಿಕ್ಕಪ್ಪ ಕೆಟ್ಟವನಲ್ಲ. ಅಪ್ಪನ ಜಾಗದಲ್ಲಿ ನಿಂತು ಮನೆ ನಡೆಸುತ್ತಾ ನಡೆಸುತ್ತಾ ಅದು ತನ್ನದೇ ಜಾಗ ಎಂದು ಅವನ ಮೈಗೆ ಒಗ್ಗಿಹೋಗಿತ್ತು, ಅಷ್ಟೇ. ಹೊರಕೋಣೆಯಲ್ಲಿ ಅಡಿಕೆ ಅಗಿಯುವ ಸದ್ದು ನಿಂತಿತ್ತು.

‘ನಾನು ಹಿಡೀತೀನಿ’ ಎಂದೆ.

ನಾನು ಹೆದರಿದ್ದ ಆ ನಿರಾಳ ಕಾಣಿಸಿತು. ಚಿಕ್ಕಪ್ಪ ನನ್ನ ಬೆನ್ನು ತಟ್ಟಿ, ‘ಓದಿದ್ದಕ್ಕೂ ಸಾರ್ಥಕವಾಯ್ತು ನೋಡು’ ಎಂದ. ಚಿಕ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಮ್ಮ ಮಾತ್ರ ನನ್ನ ಕಡೆ ತಿರುಗಲಿಲ್ಲ. ಗಂಡನೋ ಮಗನೋ, ಇಬ್ಬರಲ್ಲಿ ಒಬ್ಬರಿಗೆ ಮುಂದೆಯೂ ಅವಳು ಬೆಲ್ಲ ನೀರು ತಂದಿಡಲೇಬೇಕಿತ್ತು. ನನಗೆ ಅದು ಅಷ್ಟು ದೊಡ್ಡ ತ್ಯಾಗವೆಂದು ಅನ್ನಿಸಿರಲಿಲ್ಲ. ಪದವಿ ಮುಗಿಸಿ ಊರಿಗೆ ಬಂದಾಗಿನಿಂದ ನಾನು ಹೇಗೂ ಆ ಮನೆಯಲ್ಲಿ ನೆಂಟನ ಹಾಗೆಯೇ ಇದ್ದೆ. ಯಾರಾದರೂ ಮಾತಾಡಿಸಿದರೆ ಮಾತು, ಇಲ್ಲದಿದ್ದರೆ ಪುಸ್ತಕ ಹಿಡಿದು ಕಿಟಕಿ. ಅಪ್ಪ ಒಳಗೆ ಬರಬೇಕು ಎಂಬುದೊಂದೇ ನನ್ನ ತಲೆಯಲ್ಲಿತ್ತು. ಮತ್ತೆ ಚಂದ್ರ ಬರುವ ಹೊತ್ತಿಗೆ ಅವರು ಇರುತ್ತಾರೋ ಇಲ್ಲವೋ ಹೇಳುವವರು ಯಾರು?

ಮಾರನೆಯ ದಿನ ನೀರಿನ ಲೋಟ ತೆಗೆದುಕೊಂಡು ಹೊರಕೋಣೆಗೆ ಹೋದಾಗ ಅಪ್ಪ ಚಾಪೆಯ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿದರು. ‘ಯೋಚನೆ ಮಾಡಿ ಹೇಳಿದ್ಯಾ?’ ಎಂದರು.

‘ಹೂಂ.’

‘ಒತ್ತೋದು ಒಂದು ಗಳಿಗೆ ದೊರೆ. ಆಮೇಲೆ ಕೂರೋದು ಇದೆಯಲ್ಲ, ಅದು.’ ಅವರ ಉಗುರಿನ ಸಂದಿಯಲ್ಲಿ ಹಸಿರು ಬಣ್ಣ ಉಳಿದಿತ್ತು. ಅದನ್ನು ಕೆರೆದುಕೊಂಡರು. ಆಮೇಲೆ ಪಾಠ ಹೇಳುವವರ ಹಾಗೆ ಹೇಳಿದರು: ‘ತಲೆ ಮೇಲೆ ಕರಿ ಬಟ್ಟೆ ಹೊದ್ಕೊಂಡ್ರೆ ಹಿಂದಿನ ಗಾಜಿನಲ್ಲಿ ಎಲ್ಲ ತಲೆಕೆಳಗಾಗಿ ಕಾಣುತ್ತೆ. ಗಾಬರಿಯಾಗಬೇಡ. ಚಂದ್ರನೂ ಮೇಲಿಂದ ಕೆಳಕ್ಕೆ ಇಳಿದ ಹಾಗೆ ಕಾಣ್ತಾನೆ. ಅವನು ಹೆಂಚಿನ ಗೆರೆ ಪೂರ್ತಿ ಬಿಟ್ಟ ಮೇಲೆ ಪ್ಲೇಟು ತೂರಿಸು. ಪ್ಲೇಟು ತೂರಿಸಿದ ಮೇಲೆ ಏನೂ ಕಾಣಲ್ಲ, ನಂಬಿಕೆ ಮೇಲೆ ಒತ್ತಬೇಕು. ಅದಕ್ಕೆ ಮುಂಚೆ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರಿ. ಬೆಳಕಿಗೆ ಅವರೆಲ್ಲ ಕಣ್ಣು ಮುಚ್ಕೊಂಡಿರ್ತಾರೆ. ಯಾರು ಬಂದ್ರು ಯಾರು ಬಂದಿಲ್ಲ ಅಂತ ನೋಡೋನು ನೀನೊಬ್ಬನೇ.’

‘ಒಳಗೆ ಬಂದ ಮೇಲೆ ಮೊದಲು ಏನು ಮಾಡ್ತೀರಿ?’ ಎಂದು ಕೇಳಿದೆ.

ಅಪ್ಪನಿಗೆ ನಾಚಿಕೆಯಾಯಿತು. ‘ಏನಿಲ್ಲಪ್ಪ. ಅಡುಗೆಮನೆಗೆ ಹೋಗಿ ನಾನೇ ಒಂದು ಲೋಟ ನೀರು ಬಗ್ಗಿಸ್ಕೊಂಡು ಕುಡೀತೀನಿ. ಆಮೇಲೆ ನಿಮ್ಮಮ್ಮ ಲೋಟ ಎಲ್ಲೆಲ್ಲೋ ಇಡಬೇಡಿ ಅಂತ ಬೈತಾಳೆ.’

ಅಷ್ಟು ಹೊತ್ತಿಗೆ ಒಳಗಿನಿಂದ ಅಮ್ಮ ನನ್ನನ್ನು ಕೂಗಿದಳು.

ಹುಣ್ಣಿಮೆಯ ಹಿಂದಿನ ದಿನ ಚಿಕ್ಕಪ್ಪ ಹಿತ್ತಲ ಗೋಡೆಗೆ ಸುಣ್ಣ ಬಳಿದ. ನಮ್ಮ ಮನೆಯ ಮುಂಬಾಗಿಲು ಬೀದಿಗೆ, ಹಿಂಬಾಗಿಲು ಹಿತ್ತಲಿಗೆ. ಎರಡೂ ಒಂದೇ ನೇರದಲ್ಲಿವೆ. ಚಂದ್ರ ಬೀದಿಯ ಕಡೆ ಹುಟ್ಟುವುದರಿಂದ ಕ್ಯಾಮೆರಾವನ್ನು ಹಿತ್ತಲ ಕೊನೆಯಲ್ಲಿ ಗೋಡೆಗೆ ಒತ್ತಿ ನಿಲ್ಲಿಸಬೇಕು, ಮನೆಯವರು ಹಿಂಬಾಗಿಲಿನ ಮುಂದೆ ಮನೆಗೆ ಬೆನ್ನು ಹಾಕಿ ನಿಲ್ಲಬೇಕು. ಹೆಂಚಿನ ಮೇಲಿಂದ ಬರುವ ಬೆಳಕು ಗೋಡೆಯ ಸುಣ್ಣಕ್ಕೆ ಬಡಿದು ಅವರ ಮುಖಕ್ಕೆ ಮರಳುತ್ತದೆ. ಚಿಕ್ಕಪ್ಪ ಸುಣ್ಣವನ್ನು ತೀರಾ ತೆಳ್ಳಗೆ ಕಲಸಿದ್ದ. ಕುಂಚ ಎತ್ತಿದಲ್ಲೆಲ್ಲ ಇಳಿದು ಗೆರೆ ಬೀಳುತ್ತಿತ್ತು. ಜೀವನವಿಡೀ ಕುಂಚ ಹಿಡಿದ ಅಪ್ಪ ಹಿಂಬಾಗಿಲ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದರು. ಬೆರಳುಗಳು ತಾವಾಗಿಯೇ ಆಡುತ್ತಿದ್ದವು. ಕೊನೆಗೆ, ‘ಚೆನ್ನಾಗಿ ಬರ್ತಾ ಇದೆ’ ಎಂದು ಹೇಳಿ ಒಳಗೆ ಹೋದರು.

ಕ್ಯಾಮೆರಾ ಹೊನ್ನಮ್ಮನ ಮನೆಯಲ್ಲಿರುತ್ತದೆ. ಅವಳಿಗೂ ಅವಳ ತಾಯಿಗೂ ಅದೇ ಕೆಲಸ. ಹುಣ್ಣಿಮೆಯ ದಿನ ಹೊತ್ತು ಇಳಿಯುವ ಮೊದಲೇ ಅವಳು ಪೆಟ್ಟಿಗೆಯನ್ನು ಗಾಡಿಯಲ್ಲಿ ತಳ್ಳಿಕೊಂಡು ಬಂದು, ಮೂರು ಕಾಲಿನ ಮೇಲೆ ನಿಲ್ಲಿಸಿ, ಗಾಜನ್ನು ಬಟ್ಟೆಯಿಂದ ಒರೆಸಿ, ಪ್ಲೇಟನ್ನು ನನ್ನ ಕೈಗೆ ಕೊಟ್ಟಳು. ‘ನಿಮ್ಮಪ್ಪನೂ ಇಲ್ಲೇ ನಿಂತಿದ್ದು, ಇದೇ ಕಲ್ಲಿನ ಮೇಲೆ. ಅವತ್ತು ನಮ್ಮವ್ವ ಪೆಟ್ಟಿಗೆ ತಂದಿದ್ಲು. ಆಗ ಅವರಿಗೆ ಎಲ್ಲ ಕೂದಲು ಕಪ್ಪಗಿತ್ತು,’ ಎಂದಳು. ‘ಗಾಬರಿ ಆಗಿದೆಯಲ್ಲ?’

‘ಇಲ್ಲ.’

‘ಆಗಲಿ ಬಿಡು. ಗಾಬರಿ ಆಗದೇ ಇರೋರನ್ನ ಕಂಡ್ರೆ ನನಗೆ ಭಯ.’ ಪಟ ಹಿಡಿಯುವಾಗ ಹೊರಗಿನವರು ಹಿತ್ತಲಲ್ಲಿ ಇರುವಂತಿಲ್ಲ. ಅವಳು ಹಿತ್ತಲ ಗೋಡೆಯ ಗೇಟು ಹಾಕಿಕೊಂಡು ಓಣಿಗೆ ಹೋಗಿ ಕೂತಳು.

ಅಪ್ಪ ಸ್ನಾನ ಮಾಡಿ ಬಂದಿದ್ದರು. ಅವರಿಗೆಂದು ಅಮ್ಮ ಹೊಸ ಅಂಗಿ ಹೊಲಿಸಿದ್ದಳು. ಚಿಕ್ಕಪ್ಪ ಅವರನ್ನು ನೋಡಿ, ‘ಅಣ್ಣ, ನೀವು ಒಳಗೆ ಕೂತಿರಿ, ಎಲ್ಲ ಸಿದ್ಧವಾದ ಮೇಲೆ ಕರೀತೀವಿ’ ಎಂದ. ನೆಂಟರನ್ನು ಬಿಸಿಲಲ್ಲಿ ನಿಲ್ಲಿಸಿಕೊಂಡು ಕಾಯಿಸುವುದು ಮರ್ಯಾದೆಯಲ್ಲ. ಇಪ್ಪತ್ತೊಂದು ವರ್ಷ ಆಡಿ ಆಡಿ ಅವನ ಬಾಯಿಗೆ ಕೂತ ಮಾತು ಅದು. ಅಪ್ಪನೂ ಅಷ್ಟೇ ರೂಢಿಯಿಂದ ತಲೆಯಾಡಿಸಿ ಒಳಗೆ ಹೋದರು. ಚಿಕ್ಕಮ್ಮನಿಗೂ ಅದೇ ಮಾತು ಹೇಳಿದ್ದರೆ ಅವಳು ಕೇಳುತ್ತಿರಲಿಲ್ಲ. ಅವಳು ಆಗಲೇ ಬಂದು ಹಿತ್ತಲಲ್ಲಿ ನಿಂತಿದ್ದಳು, ಬಸ್ಸು ತಪ್ಪೀತೆಂದು ಹೆದರಿದವರ ಹಾಗೆ.

ಸೂರ್ಯ ಮುಳುಗಿ ಸ್ವಲ್ಪ ಹೊತ್ತಿಗೆ ಬೀದಿಯ ಕಡೆಯಿಂದ ಬೆಳಕು ಬಂತು. ಹೆಂಚುಗಳ ಅಂಚು ಮೊದಲು ಕೆಂಪಾಯಿತು, ಆಮೇಲೆ ಹಳದಿ. ಹಂಡೆಯ ನೀರು ಇನ್ನೂ ಒಂದು ಬೆರಳು ಏರಿ ತುಳುಕಿತು. ನಾನು ಕರಿ ಬಟ್ಟೆಯೊಳಗೆ ತಲೆ ಹಾಕಿದೆ. ಗಾಜಿನಲ್ಲಿ ನಮ್ಮ ಮನೆ ತಲೆಕೆಳಗಾಗಿ ನೇತಾಡುತ್ತಿತ್ತು. ಅಪ್ಪ ಹೇಳಿದಂತೆ ಒಬ್ಬೊಬ್ಬರನ್ನೇ ಕರೆದೆ. ‘ಅಮ್ಮ’ ಎಂದೆ. ಅಮ್ಮ ಬಂದು ಹಿಂಬಾಗಿಲಿನ ಬಲಕ್ಕೆ ನಿಂತು ಕಣ್ಣು ಮುಚ್ಚಿಕೊಂಡಳು. ತನ್ನ ಎಡಕ್ಕೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟಿದ್ದಳು. ‘ಚಿಕ್ಕಪ್ಪ’ ಎಂದೆ. ‘ಚಿಕ್ಕಮ್ಮ’ ಎಂದೆ. ಚಿಕ್ಕಮ್ಮ ಒಮ್ಮೆ ಗಂಡನ ಈಚೆಗೆ, ಒಮ್ಮೆ ಆಚೆಗೆ ನಿಂತು ನೋಡಿ, ಕೊನೆಗೆ ಒಂದು ಕಡೆ ನೆಲೆಯಾದಳು. ಮೂವರೂ ಕಣ್ಣು ಮುಚ್ಚಿಕೊಂಡಿದ್ದರು.

ಆಗ ಚಂದ್ರ ಮುಂಬಾಗಿಲಿಗೆ ಬಂದ. ಬಾಗಿಲಿನ ಅಗಲಕ್ಕೆ ಅಗಲ, ಎತ್ತರಕ್ಕೆ ಎತ್ತರ ತುಂಬಿಕೊಂಡು, ನಡುಮನೆಯ ಉದ್ದಕ್ಕೂ ಬೆಳಕು ಹಾಯಿಸಿ, ಹಿಂಬಾಗಿಲಿನಿಂದ ಹಿತ್ತಲಿಗೆ ಒಂದು ಪಟ್ಟೆ ಬೆಳಕು ಚಾಚಿದ. ಆ ಬೆಳಕಿನ ನಡುವೆ ಹಿಂಬಾಗಿಲ ಹೊಸ್ತಿಲಿನ ಒಳಗೆ ಅಪ್ಪ ನಿಂತಿದ್ದರು. ಗಾಜಿನಲ್ಲಿ ತಲೆಕೆಳಗಾಗಿದ್ದರೂ ಅವರೇ ಎಂದು ನನಗೆ ಸಂಶಯವಿರಲಿಲ್ಲ. ಎರಡು ಕೈಯನ್ನೂ ಮುಂದೆ ಕಟ್ಟಿಕೊಂಡು, ದಿನಾ ಸಂಜೆ ಬೀದಿಯ ಹೊಸ್ತಿಲಲ್ಲಿ ನಿಲ್ಲುತ್ತಿದ್ದರಲ್ಲ, ಹಾಗೆಯೇ ನಿಂತಿದ್ದರು. ಯಾರಾದರೂ ‘ಬನ್ನಿ’ ಎನ್ನಲೆಂದು.

ಆ ಮಾತು ನನ್ನ ಬಾಯಿಗೆ ಬಂದಿತ್ತು. ಬಾಯಿಗೆ ಬಂದದ್ದು ನಿಜ. ಅದೇ ಹೊತ್ತಿಗೆ ಇನ್ನೊಂದೂ ಕಾಣಿಸಿತು: ನಾಳೆಯ ಸಂಜೆ. ಹೊರಕೋಣೆಯ ಚಾಪೆಯ ಮೇಲೆ ನಾನು, ಮುಂದೆ ಒಳ್ಳೆಯ ತಟ್ಟೆ. ಗೋಡೆಯ ಆಚೆ ಅಡುಗೆಮನೆಯಲ್ಲಿ ಅಪ್ಪ ಲೋಟ ಎಲ್ಲೋ ಇಟ್ಟಿದ್ದಾರೆ, ಅಮ್ಮ ಬೈಯುತ್ತಿದ್ದಾಳೆ, ಎಲ್ಲರೂ ನಗುತ್ತಿದ್ದಾರೆ. ಚಿಕ್ಕಂದಿನಲ್ಲಿ ಆ ಚಾಪೆಯ ತುದಿಯಿಂದ ಅಮ್ಮ ನನ್ನನ್ನು ಎಷ್ಟು ಸಲ ಒಳಗೆ ಕರೆದಿದ್ದಳು. ಈಗ ನಾನು ಅಲ್ಲಿಗೆ ಬಂದು ಕೂರುವ ಹೊತ್ತಿಗೆ ಅಪ್ಪ ಎದ್ದು ಒಳಗೆ ಹೋಗಿರುತ್ತಾರೆ. ಇದನ್ನು ಇಷ್ಟು ಬಿಡಿಸಿ ನಾನು ಆಗ ಯೋಚಿಸಲಿಲ್ಲ, ಬಿಡಿಸಿದ್ದು ಆಮೇಲೆ. ಆಗ ಇದ್ದದ್ದು ಇನ್ನೂ ಹೊತ್ತಿದೆ, ಕರೆಯಬಹುದು, ಕರೆಯಬಹುದು ಎಂಬ ಎಣಿಕೆ. ಚಂದ್ರ ಬಾಗಿಲನ್ನು ಬಿಟ್ಟು ಮೇಲೆ ಸರಿದ. ಗಾಜಿನಲ್ಲಿ ಅವನು ಕೆಳಗೆ ಇಳಿಯುತ್ತಿದ್ದ. ನಡುಮನೆ ಕತ್ತಲಾಯಿತು, ಹಿಂಬಾಗಿಲು ಕತ್ತಲಾಯಿತು, ಅಪ್ಪ ಕಾಣಿಸಲಿಲ್ಲ. ಅಲ್ಲೇ ಇದ್ದಾರೆಂದು ನನಗೆ ಗೊತ್ತಿತ್ತು. ಹಿತ್ತಲ ಗೋಡೆ ಉರಿದಂತೆ ಬೆಳಗಿತು. ಚಂದ್ರನ ಕೆಳ ಅಂಚು ಹೆಂಚಿನ ಗೆರೆಯನ್ನು ಬಿಟ್ಟಿತು. ಪ್ಲೇಟು ತೂರಿಸಿದೆ. ‘ಕಣ್ಣು ಬಿಡಿ’ ಎಂದೆ. ಒತ್ತಿದೆ.

ಎಲ್ಲರೂ ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದರು. ಚಿಕ್ಕಮ್ಮ ಅಮ್ಮನ ಕೈ ಹಿಡಿದುಕೊಂಡು, ‘ಅಕ್ಕ, ಈಗ ಬೈರಿ, ಈಗಲೇ ಒಂದು ಸಲ ಬೈದುಬಿಡಿ’ ಎನ್ನುತ್ತಿದ್ದಳು. ಅಮ್ಮ ನಗುತ್ತಲೇ ತನ್ನ ಎಡಕ್ಕೆ ತಿರುಗಿದಳು. ಅಲ್ಲಿ ಯಾರೂ ಇರಲಿಲ್ಲ. ಆಮೇಲೆ ಹಿಂದಕ್ಕೆ ತಿರುಗಿದಳು.

‘ಭಾವ, ನೀವು ಇಲ್ಲೇ ಇದೀರಾ?’ ಎಂದಳು ಚಿಕ್ಕಮ್ಮ.

ಅಪ್ಪ ಹೊಸ್ತಿಲಿನ ಒಳಗೇ ನಿಂತು, ‘ಕರೀತೀವಿ ಅಂದಿದ್ರಲ್ಲ,’ ಎಂದರು. ‘ಅದಕ್ಕೆ ಕಾಯ್ತಿದ್ದೆ.’

ಚಿಕ್ಕಪ್ಪ ತಲೆಯ ಮೇಲೆ ಕೈ ಹೊತ್ತು ಹಂಡೆಯ ಪಕ್ಕ ಕೂತುಬಿಟ್ಟ. ‘ಪಟ ಹಿಡಿಯೋನು ಕರೀತಾನೆ ಅಂದ್ಕೊಂಡೆ ನಾನು. ಅಣ್ಣ, ನಾನು ಬೇಕು ಅಂತ ಮಾಡಿಲ್ಲ,’ ಎಂದು ಎರಡು ಮೂರು ಸಲ ಹೇಳಿದ. ‘ಪಕ್ಕದಲ್ಲಿ ಕಾಲ ಸದ್ದು ಕೇಳಿಸ್ತು, ಅವರೇ ಅಂದ್ಕೊಂಡೆ,’ ಎಂದಳು ಅಮ್ಮ. ಅದು ಚಿಕ್ಕಮ್ಮ ಆಚೀಚೆ ಸರಿದ ಸದ್ದು. ಮೂವರೂ ನನ್ನ ಕಡೆ ನೋಡಿದರು.

‘ನೀವು ಯಾರಾದರೂ ಕರೆದಿರ್ತೀರ ಅಂದ್ಕೊಂಡೆ’ ಎಂದೆ.

‘ಬೆಳಕಿನಲ್ಲಿ ಅವನಿಗೆ ತಾನೇ ಏನು ಗೊತ್ತಾಗುತ್ತೆ,’ ಎಂದರು ಅಪ್ಪ. ‘ತಪ್ಪು ನನ್ನದೇ. ನಾನೇ ಬಂದು ನಿಂತ್ಕೋಬೇಕಿತ್ತು. ಕಾಲು ಎತ್ತಿ ಇಡೋಣ ಅಂತ ನೋಡಿದೆ, ಆಗಲೇ ಇಲ್ಲ.’ ಗೇಟಿನಾಚೆಯಿಂದ ಹೊನ್ನಮ್ಮ ಕೂಗಿ ಏನಾಯಿತೆಂದು ಕೇಳಿದಳು. ಅವಳು ಒಳಗೆ ಬಂದು ಎಲ್ಲರ ಮುಖ ನೋಡಿ, ಎರಡನೆಯ ಪ್ಲೇಟು ಇಲ್ಲವೆಂದು ತಾನಾಗಿಯೇ ಹೇಳಿ, ಪೆಟ್ಟಿಗೆ ಮಡಿಸತೊಡಗಿದಳು. ಒಂದು ಮನೆಯಲ್ಲಿ ಒಂದೇ ಪಟಕ್ಕೆ ಇಬ್ಬರು ಹೊರಗುಳಿದದ್ದನ್ನು ತಾನು ಕಂಡಿಲ್ಲ ಎಂದಳು.

ಅಮ್ಮ ಒಳಗೆ ಹೋದಳು. ಅಪ್ಪ ನನ್ನ ಭುಜ ಮುಟ್ಟಿ, ‘ಬಾ’ ಎಂದು ಹೊರಕೋಣೆಗೆ ಕರೆದುಕೊಂಡು ಹೋದರು. ಚಾಪೆಯ ಮೇಲೆ ಕೂತೆವು. ಅಮ್ಮ ತಟ್ಟೆಯಲ್ಲಿ ಎರಡು ಲೋಟ ನೀರು, ಎರಡು ಚೂರು ಬೆಲ್ಲ ಇಟ್ಟುಕೊಂಡು ಬಂದಳು. ನನ್ನ ಮುಂದೆ ಲೋಟ ಇಡುವಾಗ ಅವಳ ಕೈ ಒಂದು ಕ್ಷಣ ನಿಂತಿತು. ‘ತಗೊಳ್ಳಿ’ ಎಂದಳು. ಲೋಟದ ನೀರು ನೇರವಾಗಿತ್ತು.

ಪಟ ಚೆನ್ನಾಗಿ ಬಂದಿದೆ ಎಂದು ಎಲ್ಲರೂ ಹೇಳುತ್ತಾರೆ. ಅಮ್ಮ, ಚಿಕ್ಕಪ್ಪ, ಚಿಕ್ಕಮ್ಮ, ಅಮ್ಮನ ಪಕ್ಕ ಸ್ವಲ್ಪ ಜಾಗ. ಹಿಂಬಾಗಿಲು ಬರಿಯ ಕಪ್ಪು. ಈಗ ನಾಲ್ಕು ತಿಂಗಳಾಯಿತು. ನೆಂಟರಾಗಿರುವುದು ಹೇಗೆ ಎಂದು ಅಪ್ಪ ನನಗೆ ಕಲಿಸುತ್ತಿದ್ದಾರೆ. ಎರಡನೆಯ ಸಲ ಬಡಿಸಲು ಬಂದಾಗ ಮೊದಲು ಬೇಡ ಎನ್ನಬೇಕು. ಉಪ್ಪು ಕಡಿಮೆಯಿದ್ದರೆ ಹೇಳಬಾರದು. ಒಳಗೆ ಜಗಳವಾಗುತ್ತಿದ್ದರೆ ಕೆಮ್ಮಬೇಕು, ನಾವು ಕೇಳಿಸಿಕೊಳ್ಳುತ್ತಿದ್ದೇವೆಂದು ಅವರಿಗೆ ತಿಳಿಯಬೇಕು. ‘ಮೊದಲನೇ ವರ್ಷ ಕಷ್ಟ, ಆಮೇಲೆ ಬೆನ್ನು ನೋವೊಂದೇ’ ಎನ್ನುತ್ತಾರೆ. ನಾವಿಬ್ಬರೂ ಎಲ್ಲರಿಗಿಂತ ಮೊದಲು, ಒಟ್ಟಿಗೆ ಊಟ ಮಾಡುತ್ತೇವೆ. ಇಪ್ಪತ್ತೊಂದು ವರ್ಷದಲ್ಲಿ ಆಡದಷ್ಟು ಮಾತು ಆಡಿದ್ದೇವೆ. ಅವರು ಮೊದಲು ಬರೆದ ಬೋರ್ಡು, ಅಜ್ಜಿಯ ಕೋಪ, ಅಮ್ಮನನ್ನು ನೋಡಲು ಹೋದ ದಿನ ಹಾಕಿಕೊಂಡಿದ್ದ ಸಾಲದ ಚಪ್ಪಲಿ, ಎಲ್ಲ ನನಗೆ ಈಗ ಗೊತ್ತು. ಒಳಗೆ ಅಮ್ಮ ಚಿಕ್ಕಮ್ಮನನ್ನು ಬೈಯುವುದು, ಚಿಕ್ಕಮ್ಮ ನಗುವುದು ಕೇಳಿಸುತ್ತದೆ. ಯಾರಾದರೂ ಹಂಡೆಯಿಂದ ನೀರು ಬಗ್ಗಿಸಿದ ಸದ್ದಾದಾಗ ಮಾತ್ರ ಅಪ್ಪ ಮಾತು ನಿಲ್ಲಿಸುತ್ತಾರೆ. ಸದ್ದು ಮುಗಿದ ಮೇಲೆ ಬಿಟ್ಟಲ್ಲಿಂದ ಮುಂದುವರಿಸುತ್ತಾರೆ.

ಮೊನ್ನೆ ಸಂಜೆ ಊಟ ಮುಗಿಸಿ ಕೂತಿದ್ದಾಗ, ಅಡಿಕೆ ಕತ್ತರಿಸುತ್ತಾ ಅವರು ತಮ್ಮ ಸಲದ ಹುಣ್ಣಿಮೆಯ ಮಾತು ತೆಗೆದರು. ‘ನಾನೂ ಅದೇ ಕಲ್ಲಿನ ಮೇಲೆ ನಿಂತಿದ್ದೆನಲ್ಲ. ಮೊದಲು ಚಂದ್ರ ಮುಂಬಾಗಿಲಿಗೆ ಬರ್ತಾನೆ. ಆಗ ಗಾಜಿನಲ್ಲಿ ನಡುಮನೆ ಎಲ್ಲ ಹಗಲಿನ ಹಾಗೆ ಕಾಣುತ್ತೆ. ಅವತ್ತು ನಮ್ಮ ಬೆಕ್ಕು ಹಾದುಹೋಗಿದ್ದು ಕೂಡ ನನಗೆ ಕಂಡಿತ್ತು,’ ಎಂದರು. ಒಂದು ಹೋಳು ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ಬಾಯಿಗೆ ಹಾಕಿಕೊಂಡರು. ಆಮೇಲೆ ಬಹಳ ಹೊತ್ತು ಬೀದಿಯ ಕಡೆ ನೋಡುತ್ತಾ ಅಗಿದರು. ಏನನ್ನೂ ಕೇಳಲಿಲ್ಲ. ನಾನು ಹೇಳಲೆಂದು ಬಿಟ್ಟ ಜಾಗದಂತೆ ಆ ಮೌನ ನಮ್ಮಿಬ್ಬರ ನಡುವೆ ಇತ್ತು, ಮತ್ತು ನಾನು ಅಡಿಕೆ ಅಗಿಯುತ್ತಿದ್ದೆ.

ಆ ಬಾಗಿಲಲ್ಲಿ ಅವರು ನನಗೆ ಕಂಡಿದ್ದರೆಂದು ನಾನು ಹೇಳಲಿಲ್ಲ.